ನೇಪರ್‌ವಿಲ್ಲೂ ನೇಪಿಯರ್ ಹುಲ್ಲೂ

ಮಗಳು ಅಮೆರಿಕದಲ್ಲಿ ಮನೆ ತೆಗೆದುಕೊಂಡ ಊರಿನ ಹೆಸರು ನೇಪರ್‌ವಿಲ್ ಎಂದು ಕೇಳಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಪಶುಪಾಲನಾ ಇಲಾಖೆಯಲ್ಲಿ 31 ವರ್ಷ ಸವೆದವನು ನಾನು. ಹಾಸನ, ಅರಸೀಕೆರೆ ಕಡೆಯ ರೈತರ ಮುಂದೆ ನೇಪಿಯರ್ ಹುಲ್ಲಿನ ಗುಣಗಾನ ಮಾಡಿಯೇ ಪಿಂಚಣಿಗೆ ಬಂದವನು. ಹತ್ತಡಿ ಬೆಳೆಯುತ್ತದೆ, ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಯ್ಯಬಹುದು, ಎಮ್ಮೆ ಹಾಲು ಜಾಸ್ತಿ ಕೊಡುತ್ತದೆ. ಅಂಥ ಹುಲ್ಲಿನ ಹೆಸರಲ್ಲಿ ಒಂದು ಊರನ್ನೇ ಕಟ್ಟಿದ್ದಾರಲ್ಲ, ದನದ ಬೆಲೆ ಬಲ್ಲ ಜನ ಅಂದುಕೊಂಡೆ.

ಹೋದ ಮೇಲೆ ತಿಳಿಯಿತು. 1831ರಲ್ಲಿ ಇಲ್ಲಿ ಬಂದು ನೆಲೆಸಿದ ಜೋಸೆಫ್ ನೇಪರ್ ಎಂಬ ಹಡಗಿನ ಕ್ಯಾಪ್ಟನ್ ಹೆಸರಂತೆ ಅದು. ಅವನಿಗೂ ಹುಲ್ಲಿಗೂ ಏನೂ ಸಂಬಂಧವಿಲ್ಲ. ಆದರೆ ಅವನ ಊರಿಗೂ ಹುಲ್ಲಿಗೂ ಇರುವ ಸಂಬಂಧವನ್ನು ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಾನು ಹೋಗಿ ಮೂರು ವಾರವಾಗಿತ್ತು. ಅಳಿಯಂದಿರು ಆಫೀಸು ಕೆಲಸದ ಮೇಲೆ ಬೆಂಗಳೂರಿಗೆ ಬಂದಿದ್ದರು. ಇತ್ತ ಒಂದು ವಾರ ಬಿಡದೆ ಮಳೆ. ಮಳೆ ಬಂದರೆ ಹುಲ್ಲು ಏನು ಮಾಡುತ್ತದೆ? ಬೆಳೆಯುತ್ತದೆ. ಒಂದು ದಿನ ಮಗಳು ಅಂಚೆ ಡಬ್ಬಿಯಿಂದ ಒಂದು ಕವರ್ ತಂದಳು. ಮುಖ ಬಿಳಿಚಿಕೊಂಡಿತ್ತು. ಯಾರದೋ ಸಾವಿನ ಸುದ್ದಿಯೇನೋ ಎಂದು ನನ್ನ ಎದೆ ಧಸಕ್ಕೆಂದಿತು.

"ಏನಮ್ಮಾ?"

"ಹುಲ್ಲು, ಅಪ್ಪಾ. ನಮ್ಮ ಹುಲ್ಲು ಜಾಸ್ತಿಯಾಗಿದೆಯಂತೆ."

ಬಡಾವಣೆಯ ಮನೆ ಮಾಲೀಕರ ಸಂಘದಿಂದ ಬಂದ ನೋಟಿಸು ಅದು. ಜೊತೆಗೆ ಒಂದು ಫೋಟೋ. ನಮ್ಮ ಮನೆಯ ಹುಲ್ಲಿನ ನಡುವೆ ಯಾರೋ ಒಂದು ಸ್ಕೇಲ್ ನೆಟ್ಟು, ಬಗ್ಗಿ ಕೂತು ತೆಗೆದದ್ದು. ಏಳು ದಿನದೊಳಗೆ ಕತ್ತರಿಸದಿದ್ದರೆ ಅವರೇ ಆಳು ಕಳಿಸಿ ಕತ್ತರಿಸಿ, ಬಿಲ್ಲನ್ನು ನಮಗೆ ಕಳಿಸುತ್ತಾರಂತೆ. ನಮ್ಮ ಕಡೆ ಪರರ ಹುಲ್ಲು ಕೊಯ್ದರೆ ಜಗಳವಾಗುತ್ತದೆ. ಇಲ್ಲಿ ಅವರೇ ಕೊಯ್ದು, ನಮ್ಮಿಂದಲೇ ದುಡ್ಡು ವಸೂಲಿ ಮಾಡುತ್ತಾರೆ.

ಈ ಊರನ್ನು ಸುಮ್ನೆ ಯಾವುದೋ ಹಳ್ಳಿ ಎಂದುಕೊಳ್ಳಬೇಡಿ. ಷಿಕಾಗೋದಿಂದ ಪಶ್ಚಿಮಕ್ಕೆ ಸುಮಾರು 45 ಕಿಲೋಮೀಟರ್. 1960ರಲ್ಲಿ ಇಲ್ಲಿದ್ದವರು ಬರೀ 12,933 ಜನ, ಸುತ್ತ ಜೋಳದ ಹೊಲ. 1966ರಲ್ಲಿ ಟೆಲಿಫೋನ್ ಸಂಶೋಧನೆಯ ಬೆಲ್ ಲ್ಯಾಬ್ಸ್ ಕಂಪನಿಯವರು ಬಂದರು. ಅವರ ಕಚೇರಿಯ ಹೆಸರು ಇಂಡಿಯನ್ ಹಿಲ್. ಅಲ್ಲಿ ನನ್ನ ಕಣ್ಣಿಗೆ ಗುಡ್ಡವಂತೂ ಕಾಣಲಿಲ್ಲ. ಇಂಡಿಯನ್ನರು ಮಾತ್ರ ಆಮೇಲೆ ಬೇಕಾದಷ್ಟು ಬಂದರು. 2020ರ ಜನಗಣತಿಗೆ 1,49,540 ಜನ ಆಗಿದ್ದರು, ಐದರಲ್ಲಿ ಒಬ್ಬರಿಗಿಂತ ಜಾಸ್ತಿ ಏಷ್ಯಾ ಮೂಲದವರು. 2006ರಲ್ಲಿ ಅಲ್ಲಿನ ಒಂದು ಹೆಸರಾಂತ ಪತ್ರಿಕೆ ದೇಶದಲ್ಲೇ ವಾಸಕ್ಕೆ ಯೋಗ್ಯವಾದ ಎರಡನೇ ಊರು ಎಂದು ಇದನ್ನು ಆರಿಸಿತು. ಒಂದನೇ ಸ್ಥಾನ ಯಾಕೆ ತಪ್ಪಿತೋ. ಯಾರದೋ ಮನೆ ಮುಂದೆ ಹುಲ್ಲು ಬೆಳೆದಿದ್ದಿರಬೇಕು.

ಸಂಘ ಹೋಗಲಿ, ನಗರಸಭೆಯ ಕಾನೂನೇ ಇದೆ: ಹುಲ್ಲು 8 ಅಂಗುಲ ದಾಟಬಾರದು. ಗೇಣಿಗಿಂತ ಚೂರು ಕಮ್ಮಿ. ಸರಿ, ಬೆಳೆಯಬಾರದು ಅಂದರೆ ಬೆಳೆಸಬೇಡಿ, ಅಲ್ವಾ? ಹಾಗಲ್ಲ. ಏಪ್ರಿಲ್‌ನಲ್ಲಿ ಗೊಬ್ಬರ ಹಾಕುತ್ತಾರೆ, ಬೆಳೆಯಲಿ ಎಂದು. ಆಮೇಲೆ ನೀರು ಬಿಡುತ್ತಾರೆ, ಇನ್ನೂ ಬೆಳೆಯಲಿ ಎಂದು. ಬೆಳೆದ ಶನಿವಾರ ಪೆಟ್ರೋಲ್ ಸುಟ್ಟು ಕತ್ತರಿಸುತ್ತಾರೆ, ಯಾಕೆ ಬೆಳೆಯಿತು ಎಂದು. ಮತ್ತೆ ಗೊಬ್ಬರ. ಹಳದಿ ಹೂವಿನ ಒಂದು ಕಳೆ ತಲೆ ಎತ್ತಿದರೆ ಟೂ ಫೋರ್ ಡಿ ಎಂಬ ಕಳೆನಾಶಕ ಹೊಡೆಯುತ್ತಾರೆ. ನಮ್ಮ ಗದ್ದೆಯ ಔಷಧಿ! ಎಂಟು ಸಾವಿರ ಮೈಲಿಗೂ ಆಚೆ ಆ ಹೆಸರು ಕೇಳಿ ನೆಂಟರು ಸಿಕ್ಕಿದಂತಾಯಿತು. ಹೊಡೆದ ಮೇಲೆ ಒಂದು ಪುಟ್ಟ ಬಾವುಟ ನೆಡುತ್ತಾರೆ, ಒಣಗುವವರೆಗೆ ಯಾರೂ ಕಾಲಿಡಬೇಡಿ ಎಂದು. ಆ ಬಾವುಟ ಇಲ್ಲದ ದಿನವೂ ಯಾರೂ ಕಾಲಿಟ್ಟದ್ದನ್ನು ನಾನು ನೋಡಲಿಲ್ಲ. ಮಕ್ಕಳು ರಸ್ತೆಯಲ್ಲೇ ಬ್ಯಾಸ್ಕೆಟ್‌ಬಾಲ್ ಆಡುತ್ತವೆ.

ಕೊಯ್ದ ಹುಲ್ಲಿನ ಕತೆ ಕೇಳಿ. 1990ರಿಂದ ಈ ಊರಿರುವ ಇಲಿನಾಯ್ ರಾಜ್ಯದಲ್ಲಿ ಹುಲ್ಲು, ಎಲೆ ಇವನ್ನೆಲ್ಲ ಮಾಮೂಲಿ ಕಸದ ಗುಂಡಿಗೆ ಹಾಕುವಂತಿಲ್ಲ. ಒಳ್ಳೆಯ ಕಾನೂನೇ. ಹಾಗಾಗಿ ಕಾಗದದ ಚೀಲ ಕೊಂಡು, ಅದರಲ್ಲಿ ತುಂಬಿ, ದುಡ್ಡು ಕೊಟ್ಟು ತಂದ ಸ್ಟಿಕ್ಕರ್ ಅಂಟಿಸಿ ರಸ್ತೆ ಬದಿಗೆ ಇಡಬೇಕು. ಹಸಿ ಹುಲ್ಲು ಒಂದು ಹೊರೆಗೆ ನಮ್ಮೂರಿನಲ್ಲಿ ಚೌಕಾಸಿ ಮಾಡಿ ಕೊಳ್ಳುತ್ತಾರೆ. ಇಲ್ಲಿ ಕೊಂಡೊಯ್ಯುವವನಿಗೆ ನಾವೇ ಕೊಡಬೇಕು. ನಾನು ಅಂಗಳದಲ್ಲಿ ನಿಂತು ಸುಮ್ನೆ ಒಂದು ಲೆಕ್ಕ ಹಾಕಿದೆ. ನಮ್ಮ ರಸ್ತೆಯ ಹುಲ್ಲಿಗೇ ಮೂರು ಹಸು ಆರಾಮಾಗಿ ಬದುಕುತ್ತವೆ.

ಮಗಳಿಗೆ ಹೇಳಿದೆ. "ಒಂದು ಕರು ಕಟ್ಟೋಣ ಕಣಮ್ಮ, ಹಿತ್ತಲಲ್ಲಿ."

"ಅಪ್ಪಾ, ಮೆಲ್ಲಗೆ ಮಾತಾಡಿ," ಎಂದು ಅವಳು ಕಿಟಕಿ ಮುಚ್ಚಿದಳು.

ನಿಜವಾಗಿ ಮೇಯುವವರು ಅಲ್ಲಿ ಒಬ್ಬರೇ, ಕೆನಡಾ ಹೆಬ್ಬಾತುಗಳು. ಅವು ಗುಂಪಾಗಿ ಬಂದು ಬಿಟ್ಟಿಯಾಗಿ ಹುಲ್ಲು ತಿಂದು, ಬಿಟ್ಟಿಯಾಗಿ ಗೊಬ್ಬರವನ್ನೂ ಹಾಕಿ ಹೋಗುತ್ತವೆ. ಅವನ್ನು ಓಡಿಸಲು ನಾಯಿ ಸಾಕಿದ ಕಂಪನಿಗಳಿವೆ.

ನೀರಿನ ವಿಚಾರಕ್ಕೆ ಬರೋಣ. ಅದನ್ನು ಬರೆಯುವಾಗ ಕೈ ಸ್ವಲ್ಪ ನಡುಗುತ್ತದೆ. ನಾನು ಹೋದದ್ದು 2024ರ ಮೇ ತಿಂಗಳಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು. ನಮ್ಮ ಬೀದಿಗೆ ಕಾವೇರಿ ದಿನ ಬಿಟ್ಟು ದಿನ. ನೇಪರ್‌ವಿಲ್‌ನಲ್ಲೂ ನೀರು ದಿನ ಬಿಟ್ಟು ದಿನ ಎಂದು ಮಗಳು ಹೇಳಿದಾಗ, ಪಾಪ ಇವರಿಗೂ ಕಷ್ಟ ಎಂದು ಎರಡು ಬಕೆಟ್ ತುಂಬಿಟ್ಟೆ. ಅದು ಮನುಷ್ಯರಿಗಲ್ಲವಂತೆ. ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ಸಮಸಂಖ್ಯೆಯ ಮನೆಯವರು ಸಮ ತಾರೀಕಿನಂದು, ಬೆಸಸಂಖ್ಯೆಯವರು ಬೆಸ ತಾರೀಕಿನಂದು ಹುಲ್ಲಿಗೆ ನೀರು ಬಿಡಬೇಕು. ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9. ನೀರು ಎಲ್ಲಿಯದು? ಮಿಷಿಗನ್ ಸರೋವರದ್ದು. ಷಿಕಾಗೋದಲ್ಲಿ ಶುದ್ಧ ಮಾಡಿ, 1992ರಿಂದ ಪೈಪಿನಲ್ಲಿ ಈ ಕಡೆಗೆ ಕಳಿಸುತ್ತಾರೆ. ಕುಡಿಯುವ ನೀರು. ಹುಲ್ಲು ಕುಡಿಯುತ್ತದೆ. ಮನುಷ್ಯರು ಅಂಗಡಿಯಿಂದ ಬಾಟಲಿ ತರುತ್ತಾರೆ.

ಆ ಬೇಸಿಗೆಯಲ್ಲಿ 17 ವರ್ಷಕ್ಕೊಮ್ಮೆ ನೆಲದಿಂದ ಏಳುವ ಜೀರುಂಡೆಗಳೂ ಎದ್ದಿದ್ದವು. ಹಿಂದಿನ ಸಲ 2007ರಲ್ಲಿ ಬಂದಿದ್ದವಂತೆ. ಅವುಗಳ ಗದ್ದಲದ ಬಗ್ಗೆ ಊರೆಲ್ಲ ದೂರು. ಹುಲ್ಲು ಕತ್ತರಿಸುವ ಯಂತ್ರಕ್ಕಿಂತ ಜೋರಾಗಿ ಕಿರುಚಿದ ಜೀರುಂಡೆ ಒಂದೂ ನನ್ನ ಕಿವಿಗೆ ಬೀಳಲಿಲ್ಲ.

ಇಷ್ಟೆಲ್ಲ ಆರೈಕೆ ಪಡೆಯುವ ಹುಲ್ಲಿನ ಜಾತಿ ಕೆಂಟಕಿ ಬ್ಲೂಗ್ರಾಸ್. ಹೆಸರಷ್ಟೇ ಕೆಂಟಕಿ, ಮೂಲ ಯೂರೋಪಿನ ಕಡೆ. ಈ ನೆಲದ ಸ್ವಂತ ಹುಲ್ಲು ಬೇರೆ ಇತ್ತು. ಇಲಿನಾಯ್‌ಗೆ ಇವತ್ತಿಗೂ ಪ್ರೇರಿ ಸ್ಟೇಟ್, ಅಂದರೆ ಹುಲ್ಲುಗಾವಲಿನ ರಾಜ್ಯ ಎಂದೇ ಅಡ್ಡಹೆಸರು. ಒಂದು ಕಾಲಕ್ಕೆ ಸುಮಾರು 2.2 ಕೋಟಿ ಎಕರೆ ಹುಲ್ಲುಗಾವಲು, ಆಳೆತ್ತರದ ಹುಲ್ಲು. 1837ರಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ಅದೇ ರಾಜ್ಯದಲ್ಲಿ ಉಕ್ಕಿನ ನೇಗಿಲು ಮಾಡಿದ. ನೆಲ ಉತ್ತದ್ದೇ ಉತ್ತದ್ದು. ಈಗ ಆ ಹುಲ್ಲುಗಾವಲಿನಲ್ಲಿ ಸಾವಿರಕ್ಕೆ ಒಂದು ಪಾಲೂ ಉಳಿದಿಲ್ಲ. ಆ ಕಮ್ಮಾರನ ಹೆಸರಿನ ಕಂಪನಿ ಈಗ ಹುಲ್ಲು ಕತ್ತರಿಸುವ ಯಂತ್ರವನ್ನೂ ಮಾರುತ್ತದೆ. ಪಕ್ಕದ ಮನೆಯ ಅಜ್ಜ ಅದರ ಮೇಲೆ ಕೂತು ಶನಿವಾರ ಮೆರವಣಿಗೆ ಹೊರಡುತ್ತಾರೆ.

ಅದೇ ಊರಿನಲ್ಲಿ ಒಂದು ಬಡಾವಣೆಯ ಹೆಸರು ಟಾಲ್ ಗ್ರಾಸ್. ಕನ್ನಡದಲ್ಲಿ ಎತ್ತರದ ಹುಲ್ಲು. ಮೊದಲು ಅಲ್ಲಿದ್ದುದರ ನೆನಪಿಗೆ ಇಟ್ಟ ಹೆಸರು. ಎಂಟು ಅಂಗುಲದ ಕಾನೂನು ಅಲ್ಲಿಗೂ ಅನ್ವಯಿಸುತ್ತದೆ. ನಾವು ಕೆರೆ ಮುಚ್ಚಿ ಬಸ್‌ಸ್ಟ್ಯಾಂಡ್ ಕಟ್ಟಿ, ಅದರ ಸುತ್ತ ಇನ್ನೂ ಟ್ಯಾಂಕ್ ಬಂಡ್ ರೋಡ್ ಎಂದು ಬೋರ್ಡು ಹಾಕಿಕೊಂಡವರು. ನಗುವಂತೆಯೂ ಇಲ್ಲ.

ಒಂದು ಭಾನುವಾರ ಅಳಿಯಂದಿರು ಸ್ಪ್ರಿಂಗ್‌ಬ್ರೂಕ್ ಪ್ರೇರಿಗೆ ಕರೆದೊಯ್ದರು. ನೇಪರ್‌ವಿಲ್‌ನಲ್ಲೇ ಇದೆ, 1800 ಎಕರೆಗೂ ಹೆಚ್ಚು. ಸರ್ಕಾರದ ದುಡ್ಡಿನಲ್ಲಿ ಹಳೆಯ ಹುಲ್ಲನ್ನು ಅಲ್ಲಿ ಮತ್ತೆ ಬೆಳೆಸುತ್ತಾರೆ, ಚೆನ್ನಾಗಿ ಬರಲಿ ಎಂದು ಆಗಾಗ ಬೆಂಕಿ ಕೊಟ್ಟು ಸುಡುತ್ತಾರೆ, ಬೀಜ ಆರಿಸಲು ಸ್ವಯಂಸೇವಕರು ಬರುತ್ತಾರೆ. ನನಗಿಂತ ಎತ್ತರದ ಹುಲ್ಲು. ತೆನೆ ಟರ್ಕಿ ಕೋಳಿಯ ಕಾಲಿನಂತೆ ಮೂರಾಗಿ ಒಡೆದಿತ್ತು. ಮುಟ್ಟಿ ನೋಡಿದೆ. ಮೂವತ್ತೊಂದು ವರ್ಷದ ಕೈ ಸುಳ್ಳು ಹೇಳುವುದಿಲ್ಲ, ಒಳ್ಳೆಯ ಮೇವು.

"ಎಷ್ಟು ಚೆನ್ನಾಗಿದೆ ಅಲ್ವಾ ಮಾವ?" ಎಂದರು ಅಳಿಯಂದಿರು. ಹೊರಡುವ ಅವಸರದಲ್ಲಿದ್ದರು. ಸಂಜೆ ಆರಕ್ಕೆ ನಮ್ಮ ನೀರಿನ ಸರದಿ.

ಗಣೇಶನ ಹಬ್ಬದ ದಿನ ಗರಿಕೆ ಬೇಕಾಯಿತು. ಊರಿಗೆ ಊರೇ ಹುಲ್ಲು, 21 ಎಳೆ ಗರಿಕೆ ಇಲ್ಲ. ಕಾರಿನಲ್ಲಿ ಇಪ್ಪತ್ತು ನಿಮಿಷ ಹೋಗಿ ಇಂಡಿಯನ್ ಅಂಗಡಿಯಿಂದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ತಂದೆವು. ಅರ್ಧ ಬಾಡಿತ್ತು. ದೇವರು ಏನೂ ಅನ್ನಲಿಲ್ಲ, ಅವನಿಗೂ ಬಡಾವಣೆಯ ನಿಯಮ ಗೊತ್ತಿರಬೇಕು.

ವಾಪಸು ಬರುವ ಮುಂಚೆ ನಾನೊಂದು ಕೆಲಸ ಮಾಡಿದೆ. ನರ್ಸರಿಯಲ್ಲಿ ಆ ಮೂರು ಕಾಲಿನ ಹುಲ್ಲಿನ ಬೀಜ ಮಾರುತ್ತಿದ್ದರು. ಒಂದು ಪೊಟ್ಟಣ ಕೊಂಡು, ಮಗಳಿಗೆ ಹೇಳದೆ ಹಿತ್ತಲಲ್ಲಿ ಏಸಿ ಯಂತ್ರದ ಹಿಂದೆ ಚೆಲ್ಲಿದೆ.

ಮುಂದಿನ ಬೇಸಿಗೆಯಲ್ಲಿ ವಾಟ್ಸಾಪಿಗೆ ಒಂದು ಫೋಟೋ ಬಂತು. ಏಸಿಯ ಮರೆಯಲ್ಲಿ ಒಂದು ಹುಲ್ಲಿನ ಬುಡ, ಪಕ್ಕದಲ್ಲಿ ಸ್ಕೇಲ್. ಈ ಸಲ ಸ್ಕೇಲ್ ಹಿಡಿದದ್ದು ಮಗಳ ಕೈ, ಬಳೆ ಕಾಣುತ್ತಿತ್ತು.

"ಅಪ್ಪಾ, ಇದು ನಿಮ್ಮದೇ ಕೆಲಸ ಅಲ್ವಾ? ಏಳೂವರೆ ಅಂಗುಲ ಆಗಿದೆ."

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮೆಸೇಜು ಬಂತು.

"ಇನ್ನೂ ಅರ್ಧ ಅಂಗುಲ ಟೈಮಿದೆ. ಇವರಿಗೆ ಹೇಳಿಲ್ಲ."