ಹದಿನೇಳು ಕೆಂಪು ಸುತ್ತು

ಇದನ್ನು ಬರೆಯುವಾಗಲೂ ನನ್ನ ಬಲ ಮೊಣಕೈ ಮೇಲೆ ಎರಡು ಹಸಿರು ಚುಕ್ಕೆಗಳಿವೆ. ಕೊಬ್ಬರಿ ಎಣ್ಣೆ, ಪಾತ್ರೆ ತೊಳೆಯುವ ಸೋಪು, ತೆಂಗಿನ ನಾರು ಎಲ್ಲ ಆಯಿತು. ಚರ್ಮ ಹೋಯಿತೇ ಹೊರತು ಚುಕ್ಕೆ ಹೋಗಲಿಲ್ಲ. ಗೋಡೆ ಮೇಲೆ ನಿಲ್ಲಲಿ ಅಂತ ಬಳಿದದ್ದು ನನ್ನ ಮೇಲೆ ನಿಂತಿದೆ.

ನಮ್ಮನೆಯಲ್ಲಿ ಐದು ಜನ, ಬಚ್ಚಲುಮನೆ ಒಂದು. ಐದಡಿ ಅಗಲ, ಏಳಡಿ ಉದ್ದ. ಹಳೇ ಮನೆಯಾದ್ದರಿಂದ ಟೈಲ್ಸು ನಾಲ್ಕೇ ಅಡಿಗೆ ನಿಂತಿದೆ, ಅದರ ಮೇಲೆಲ್ಲ ಬರೀ ಗೋಡೆ. ಹಿಂದೊಮ್ಮೆ ಯಾರೋ ಪುಣ್ಯಾತ್ಮ ಅದಕ್ಕೆ ಡಿಸ್ಟೆಂಪರ್ ಬಳಿದು ಹೋಗಿದ್ದ. ಈ ಸಲ ಮಳೆ ಮುಗಿಯುವ ಹೊತ್ತಿಗೆ ಅದು ಹಪ್ಪಳದ ಹಾಗೆ ಎದ್ದು, ತಲೆಗೆ ನೀರು ಹೊಯ್ದುಕೊಳ್ಳುವಾಗ ಚೂರುಚೂರಾಗಿ ಬಕೆಟ್ಟಿಗೆ ಉದುರತೊಡಗಿತು. ಗೀಸರ್ ಪಕ್ಕದ ಮೂಲೆಯಲ್ಲಿ ಕಪ್ಪು ಬೂಷ್ಟು. ಮಗಳು ಅದರಲ್ಲಿ ಭಾರತದ ಭೂಪಟ ಗುರುತಿಸಿದ್ದಳು. ಮಳೆ ಜೋರಾದ ವಾರ ಕೆಳಗೆ ಶ್ರೀಲಂಕಾ ಕೂಡ ಕಾಣಿಸಿಕೊಂಡಿತು.

"ರೀ, ನೀರು ತುಂಬೋ ಹಬ್ಬದೊಳಗೆ ಆಗ್ಬೇಕು" ಅಂತ ಹೆಂಡತಿ ಗಡುವು ಕೊಟ್ಟಳು. ನ್ಯಾಯವೇ. ವರ್ಷವಿಡೀ ಬೈಸಿಕೊಳ್ಳುವ ಬಚ್ಚಲಿಗೆ ಅರಿಶಿನ ಕುಂಕುಮ ಸಿಗುವುದು ಅದೊಂದು ದಿನ.

ಪೇಂಟರ್ ಬಂದರು. ಹೆಲ್ಮೆಟ್ಟು ತೆಗೆಯಲಿಲ್ಲ, ಅದರಲ್ಲೇ ಗೊತ್ತಾಗಬೇಕಿತ್ತು. ಬಚ್ಚಲ ಬಾಗಿಲಲ್ಲಿ ನಿಂತು, "ಇಷ್ಟೇನಾ ಸಾರ್?" ಅಂದರು. ಇಡೀ ಮನೆ ಮಾಡಿಸಿದರೆ ಇದನ್ನೂ ಸೇರಿಸಿ ಮಾಡಿಕೊಡುತ್ತಾರಂತೆ. ಇದೊಂದಕ್ಕೇ ಹುಡುಗರನ್ನು ಕರೆತಂದರೆ ಗಿಟ್ಟುವುದಿಲ್ಲವಂತೆ. "ಭಾನುವಾರ ನೋಡೋಣ ಬಿಡಿ" ಅಂದು ಹೋದರು. ಯಾವ ಭಾನುವಾರ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮೂರು ಭಾನುವಾರ ಹೋದವು.

ಕೊನೆಗೆ ನಾನೇ ಬಳಿಯುತ್ತೇನೆ ಅಂದೆ. ಮೊಬೈಲಿನಲ್ಲಿ ನೋಡಿದ್ದೆ, ಒಬ್ಬಾತ ಬಿಳೀ ಅಂಗಿ ಹಾಕಿಕೊಂಡೇ ನಾಲ್ಕು ನಿಮಿಷದಲ್ಲಿ ಒಂದು ರೂಮು ಮುಗಿಸಿದ್ದ. ಅಂಗಿಗೆ ಕಲೆಯಿಲ್ಲ, ಮುಖದಲ್ಲಿ ನಗು. ಅವನ ಮನೆಯಲ್ಲಿ ಅಪ್ಪ ಇದ್ದಿರಲಿಕ್ಕಿಲ್ಲ.

ಬಣ್ಣದ ಅಂಗಡಿಯ ಕಥೆ ಬೇಗ ಮುಗಿಸುತ್ತೇನೆ. ಶೇಡ್ ಕಾರ್ಡಿನಲ್ಲಿ ಹಸಿರು ಒಂದೇ ಇಪ್ಪತ್ತು ಬಗೆ. ನಾವು ಒಂದು ಗಂಟೆ ಜಗಳವಾಡಿ ತಿಳಿಯಾದ ಪಿಸ್ತಾ ಆರಿಸಿದೆವು. ಗೋಡೆಗೆ ಬಿದ್ದ ಮೇಲೆ ಅದನ್ನು ಮಗಳು "ಹಿತಕಿದ ಅವರೆಕಾಳು ಕಲರ್" ಅಂದಳು. ಈಗ ಯಾರಿಗೂ ಅದು ಪಿಸ್ತಾ ಆಗಿ ಕಾಣುವುದಿಲ್ಲ.

ಶನಿವಾರ ಕೆರೆಯುವುದು, ಬ್ಲೀಚಿಂಗ್ ಪೌಡರ್ ನೀರಲ್ಲಿ ಭಾರತವನ್ನೂ ಶ್ರೀಲಂಕಾವನ್ನೂ ಉಜ್ಜುವುದು, ಒಣಗಿದ ಮೇಲೆ ಪುಟ್ಟಿ ಹಾಕುವುದು, ಮತ್ತೆ ಅದನ್ನು ಸ್ಯಾಂಡ್ ಪೇಪರಿನಿಂದ ಉಜ್ಜುವುದು. ಹಾಕುವುದೂ ನಾವೇ, ಉಜ್ಜಿ ತೆಗೆಯುವುದೂ ನಾವೇ. ಸಂಜೆ ಕನ್ನಡಿ ನೋಡಿಕೊಂಡರೆ ರೊಟ್ಟಿ ಹಿಟ್ಟಿನ ಡಬ್ಬಕ್ಕೆ ಬಿದ್ದು ಎದ್ದವನ ಹಾಗಿದ್ದೆ. ಸ್ನಾನ ಮಾಡೋಣವೆಂದರೆ ಎಲ್ಲಿ? ಐದೂ ಜನ ಟವೆಲ್ಲು, ಚೊಂಬು ಹಿಡಿದು ಎದುರು ಮನೆಗೆ ಸರದಿಯಲ್ಲಿ ಹೊರಟೆವು. ಆ ಮನೆಯ ಆಂಟಿ ಒಳ್ಳೆಯವರು. ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ "ಇನ್ನೂ ಮುಗೀಲಿಲ್ವಾ?" ಅಂತ ಕೇಳಿದರು.

ಭಾನುವಾರ ಪ್ರೈಮರ್, ಸೋಮವಾರ ರಜೆ ಹಾಕಿ ಮೊದಲ ಕೋಟು. ಏಣಿ ಬಚ್ಚಲೊಳಗೆ ಬಿಚ್ಚಿಕೊಳ್ಳಲಿಲ್ಲ. ಸ್ಟೂಲ್ ಮೇಲೆ ನಿಂತು, ತಲೆಗೆ ಹೆಂಡತಿಯ ಶವರ್ ಕ್ಯಾಪು, ಮೈಗೆ ಹಳೇ ಪಂಚೆ, ಸೂರಿನಿಂದ ಕನ್ನಡಕದ ಮೇಲೆ ತೊಟ್ಟಿಕ್ಕುವ ಅವರೆಕಾಳು. ಆಗ ಬಾಗಿಲಲ್ಲಿ ಬೆಳಕು ಬಿತ್ತು.

ಅಪ್ಪ. ಕೈಯಲ್ಲಿ ಟಾರ್ಚು.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಪ್ರತಿ ಬೇಸಿಗೆ ಎಸ್ಸೆಸ್ಸೆಲ್ಸಿ ಪೇಪರು ತಿದ್ದಲು ಹೋಗುತ್ತಿದ್ದರು. ನಿವೃತ್ತಿಯಾಗಿ ಹದಿನಾಲ್ಕು ವರ್ಷ ಆಯಿತು, ತಿದ್ದುವುದು ನಿಂತಿಲ್ಲ. ಮದುವೆ ಕಾಗದ ಬಂದರೆ ಮುಹೂರ್ತ ನೋಡುವ ಮೊದಲು ಕಾಗುಣಿತ ನೋಡುತ್ತಾರೆ. ಅವರು ಬಚ್ಚಲೊಳಗೆ ಕಾಲಿಡಲಿಲ್ಲ, ಹೊಸಿಲಲ್ಲೇ ನಿಂತು ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದರು. ಓರೆಯಾಗಿ ಹಿಡಿದರೆ ಗೋಡೆಯ ಎಲ್ಲ ಪಾಪಗಳೂ ಎದ್ದು ನಿಲ್ಲುತ್ತವೆ ಅಂತ ಅವತ್ತು ನನಗೆ ಗೊತ್ತಾಯಿತು.

"ಅಲ್ಲೊಂದು ಬಿಟ್ಟೋಗಿದೆ ನೋಡು."

"ಎಲ್ಲಿ?"

"ಅಲ್ಲೇ ಕಣೋ, ವೆಂಟಿಲೇಟರ್ ಕೆಳಗೆ. ಅಲ್ಲಲ್ಲ, ಎಡಕ್ಕೆ. ನಿನ್ನ ಎಡ ಅಲ್ಲ."

"ಇದು ಫಸ್ಟ್ ಕೋಟ್ ಅಪ್ಪ. ಒಣಗಿದ ಮೇಲೆ ಇನ್ನೊಂದಿದೆ."

"ಮೊದಲ ಮೆಟ್ಟಿಲೇ ತಪ್ಪಾದ್ರೆ ಉತ್ತರ ಸರಿ ಬರುತ್ತಾ?"

ಇಳಿದು, ಡಬ್ಬಕ್ಕೆ ಬ್ರಷ್ ಅದ್ದಿ, ಹತ್ತಿ, ಅವರು ತೋರಿಸಿದಲ್ಲಿ ಬಳಿದೆ. ಬಳಿದು ಇಳಿಯುವಷ್ಟರಲ್ಲಿ ಬೆಳಕು ಇನ್ನೊಂದು ಕಡೆಗೆ ಹೋಗಿತ್ತು. ಹೀಗೆ ಒಂಬತ್ತು ಸಲ ಹತ್ತಿ ಇಳಿದೆ. ಹತ್ತನೇ ಸಲ ನನ್ನ ಮುಖ ನೋಡಿ ಅಪ್ಪನಿಗೇನೋ ಅನ್ನಿಸಿರಬೇಕು, "ಹೋಗಿ ಕಾಫಿ ಕುಡಿ, ಆಮೇಲೆ ನೋಡೋಣ" ಅಂದರು. ನಾನು ಅದನ್ನು ವಾತ್ಸಲ್ಯ ಅಂದುಕೊಂಡೆ.

ಕಾಫಿ ಕುಡಿದು ಒಂದರ್ಧ ಗಂಟೆ ಮಲಗಿ ಎದ್ದು ಬಂದರೆ ಗೋಡೆ ತುಂಬ ಕೆಂಪು ಸುತ್ತುಗಳು. ಬಿಟ್ಟುಹೋದ ಒಂದೊಂದು ಜಾಗಕ್ಕೂ ಕೆಂಪು ಬಾಲ್ ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ನಂಬರು ಹಾಕಿದ್ದರು. ಒಂದರಿಂದ ಹದಿನೇಳು. ಹದಿಮೂರರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬೇರೆ. ಅದು ಬಿಟ್ಟುಹೋದದ್ದೋ ಗೋಡೆಯ ಸಹಜ ತಗ್ಗೋ ಅಂತ ಅವರಿಗೇ ಅನುಮಾನವಂತೆ. ನನಗೆ ಅರ್ಧ ಅಂಕ ಕೊಟ್ಟಿದ್ದರು. ಸ್ಟೂಲ್ ಹತ್ತಿದ್ದು ಯಾರು ಅಂತ ಕೇಳಿದೆ. ಎಪ್ಪತ್ತೆರಡು ವರ್ಷದವರು ಮಾತು ಬದಲಿಸಿ, "ನಿನಗೆ ಸುಲಭ ಆಗ್ಲಿ ಅಂತ" ಅಂದರು.

ಸುಲಭ! ಬಾಲ್ ಪೆನ್ನಿನ ಇಂಕು ನೀರಿನ ಪೇಂಟಿನಡಿ ಸುಮ್ಮನೆ ಕೂರುವ ಜಾತಿಯದ್ದಲ್ಲ. ಎರಡನೇ ಕೋಟು ಬಳಿದು ನಾಲ್ಕು ಗಂಟೆಯ ಮೇಲೆ ನೋಡಿದರೆ ಹದಿನೇಳೂ ಸುತ್ತುಗಳು ನಸುಗುಲಾಬಿಯಾಗಿ ಮೇಲೆ ತೇಲಿ ಬಂದಿವೆ. ಮೂರನೇ ಕೋಟು ಬಳಿದೆ. ಏಳು, ಹನ್ನೊಂದು ಮತ್ತು ಅದೇ ಪ್ರಶ್ನಾರ್ಥಕ ಹದಿಮೂರು ಮತ್ತೆ ಬಂದವು.

ನಾವು ಮೈಸೂರಿನವರು, ಅಳಿಸಲಾಗದ ಶಾಯಿ ನಮಗೆ ಹೊಸದಲ್ಲ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಅರಗಿನ ಕಾರ್ಖಾನೆಯಾಗಿ ಶುರುವಾದ ನಮ್ಮೂರ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್‌ನಿಂದಲೇ 1962ರ ಚುನಾವಣೆಯಿಂದೀಚೆಗೆ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಹೋಗುತ್ತದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ, ಚರ್ಮಕ್ಕೆ ಕಚ್ಚಿಕೊಂಡು ವಾರಗಟ್ಟಲೆ ಇರುತ್ತದೆ. ಆದರೂ ಉಗುರು ಬೆಳೆದ ಮೇಲೆ ಹೋಗುತ್ತದಲ್ಲ. ಗೋಡೆಗೆ ಉಗುರಿಲ್ಲ. ಕೊನೆಗೆ ಆ ಮೂರು ಜಾಗವನ್ನು ಪುಟ್ಟಿಯವರೆಗೂ ಕೆರೆದು, ಎಣ್ಣೆ ಪ್ರೈಮರ್ ಹಾಕಿ, ಮತ್ತೆ ಬಳಿದೆ. 4 ಲೀಟರಿನ ಡಬ್ಬ ತಳ ಕಂಡಿತು. ಎದುರು ಮನೆ ಆಂಟಿ ಕೇಳುವುದನ್ನು ಬಿಟ್ಟು, ನನ್ನನ್ನು ಕಂಡರೆ ತಲೆ ಅಲ್ಲಾಡಿಸತೊಡಗಿದರು.

ಆ ರಾತ್ರಿ ಕೋಪದಲ್ಲಿ ಅಪ್ಪನ ಜೊತೆ ಮಾತು ಬಿಟ್ಟಿದ್ದೆ. ಊಟವಾದ ಮೇಲೆ ಅವರೇ ಬಂದು ಪಕ್ಕದಲ್ಲಿ ಕೂತು, ಯಾರಿಗೋ ಹೇಳುವ ಹಾಗೆ ಊರಿನ ಬಚ್ಚಲಿನ ವಿಷಯ ತೆಗೆದರು. ತಾಮ್ರದ ಹಂಡೆ, ಉರಿಯುವ ತೆಂಗಿನ ಗರಿ, ಹೊಗೆಗೆ ಮಸಿಯಾದ ಗೋಡೆ. ಹಬ್ಬಕ್ಕೆ ಮೊದಲು ಗೋಡೆಗೆ ಸುಣ್ಣ. ಸುಣ್ಣದ ಖಾರಕ್ಕೆ ಬೂಷ್ಟು ಹತ್ತಿರ ಸುಳಿಯುತ್ತಿರಲಿಲ್ಲವಂತೆ. ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗಿ, ಕುತ್ತಿಗೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆಯುವುದು ಮನೆಯ ಹಿರೀಮಗನಾದ ಅವರ ಕೆಲಸ.

"ನಿಮ್ಮಜ್ಜಿ ಬುಡ್ಡಿದೀಪ ಹಿಡ್ಕೊಂಡು ಹೊಸಿಲಲ್ಲಿ ನಿಂತಿರೋಳು. ಒಳಗೆ ಬರ್ತಿರ್ಲಿಲ್ಲ. 'ಅಲ್ಲೊಂದು ಬಿಟ್ಟೋಗಿದೆ ನೋಡೋ' ಅಂತ."

"ನಿಮಗೆ ಸಿಟ್ಟು ಬರ್ತಿರ್ಲಿಲ್ವಾ?"

"ಒಂದ್ಸಲ ಸುಣ್ಣದ ಕುಂಚ ಬಿಸಾಕಿ ಕೆರೆ ಕಡೆ ಹೋಗಿದ್ದೆ" ಅಂದು ಅಪ್ಪ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಎದ್ದು ಹೋಗುವಾಗ, "ಆದ್ರೂ ನಿನ್ನ ಗೋಡೆ ಪರವಾಗಿಲ್ಲ" ಅಂದರು. ಫಸ್ಟ್ ಕ್ಲಾಸ್ ಬಂದಾಗಲೂ ಅವರ ಬಾಯಲ್ಲಿ ಬಂದದ್ದು ಇಷ್ಟೇ.

ಹಬ್ಬದ ದಿನ ಹೆಂಡತಿ ಹೊಸ ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ತುಂಬಿ, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಗೀಸರಿಗೂ ಒಂದು ಬೊಟ್ಟಿಟ್ಟಳು. ಮಾರನೇ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು, ಬೆನ್ನು ಬಾಗಿಲಿಗಲ್ಲ, ಗೋಡೆಗೆ ಮಾಡಿ ಕೂತೆ. ತಲೆ ಎತ್ತಿದೆ. ಬಾಗಿಲ ನೆತ್ತಿಯ ಮೇಲೆ ಅಂಗೈಯಗಲದ ಬಿಳೀ ಜಾಗ, ಬರೀ ಪ್ರೈಮರು. ಹೊಸಿಲಲ್ಲಿ ನಿಂತವರಿಗೆ ಎಂಥಾ ಟಾರ್ಚು ಹಿಡಿದರೂ ಕಾಣದ ಒಂದೇ ಒಂದು ಜಾಗ. ಒಳಗೆ ಕೂತರೆ ಮಾತ್ರ ಕಾಣುತ್ತದೆ. ಅಪ್ಪ ಸ್ನಾನಕ್ಕೆ ಹೋಗುವಾಗ ಕನ್ನಡಕ ಟಿವಿ ಪಕ್ಕ ತೆಗೆದಿಟ್ಟು ಹೋಗುತ್ತಾರೆ. ಸದ್ಯಕ್ಕೆ ಬಚಾವು.

ಎರಡು ದಿನದಿಂದ ಅವರು ತಮ್ಮ ಕೆಂಪು ಪೆನ್ನು ಹುಡುಕುತ್ತಿದ್ದಾರೆ. ಮಗಳನ್ನು ಕೇಳಿದರು, ಹೆಂಡತಿಯನ್ನು ಕೇಳಿದರು. ನನ್ನನ್ನು ಕೇಳಿದಾಗ, "ಇಲ್ಲೇ ಎಲ್ಲೋ ಇರತ್ತೆ ನೋಡಿ ಅಪ್ಪ" ಅಂದೆ. ಅಟ್ಟದ ಮೇಲೆ, ಖಾಲಿ ಪೇಂಟ್ ಡಬ್ಬದೊಳಗೆ, ಮುಚ್ಚಳ ಬಿಗಿದು ಇಟ್ಟಿದ್ದೇನೆ.