ಬಲಗೈ ಸೋತ ಸೈಕಲ್ ಸವಾರಿ

ಇಂಗ್ಲೆಂಡಿನ ಹಳ್ಳಿ ದಾರಿಯಲ್ಲಿ ಸೈಕಲ್ ತುಳಿದರೆ ಮೊದಲು ಸೋಲುವುದು ಕಾಲಲ್ಲ, ಬಲಗೈ. ಥ್ಯಾಂಕ್ಸ್ ಹೇಳಿ ಹೇಳಿ ಭುಜ ಹಿಡಿದುಕೊಳ್ಳುತ್ತದೆ.

ದಾರಿ ಅಂದರೆ ಒಂದು ಕಾರು ಹಿಡಿಸುವಷ್ಟು ಅಗಲ, ಅಷ್ಟೇ. ಎರಡೂ ಕಡೆ ತಲೆ ಮೀರಿ ಬೆಳೆದ ಮುಳ್ಳುಬೇಲಿ, ಡಾಂಬರಿನ ನಟ್ಟನಡುವೆ ಉದ್ದಕ್ಕೂ ಹುಲ್ಲು, ಅದರ ಪಕ್ಕ ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಮಣ್ಣಿನ ಹೆಂಟೆ. ಬಿಳಿ ಬಿಲ್ಲೆಯ ಮೇಲೆ ಕಪ್ಪು ಅಡ್ಡಗೆರೆ ಇರುವ ಬೋರ್ಡು ನೆಟ್ಟಿದ್ದರೆ ಇಂಥ ದಾರಿಯಲ್ಲೂ ಗಂಟೆಗೆ 60 ಮೈಲಿ ತನಕ ಕಾರು ಓಡಿಸಬಹುದು, ಅಂದರೆ ಹತ್ತಿರ ಹತ್ತಿರ 96 ಕಿಲೋಮೀಟರ್. ತಲೆ ಸರಿಯಿರುವವರು ಓಡಿಸುವುದಿಲ್ಲ ಬಿಡಿ. ಎದುರಿಗೆ ಕಾರು ಬಂತು ಅಂದುಕೊಳ್ಳಿ. ಅವರು ನಿಲ್ಲಿಸುತ್ತಾರೆ. ನಾವೂ ನಿಲ್ಲಿಸುತ್ತೇವೆ. ಅವರು ಬನ್ನಿ ಅಂತ ಲೈಟ್ ಮಿಟುಕಿಸುತ್ತಾರೆ, ನಾವು ಇಲ್ಲ ಇಲ್ಲ ನೀವೇ ಬನ್ನಿ ಅಂತ ಕೈ ತೋರಿಸುತ್ತೇವೆ, ಕೊನೆಗೆ ಅವರು ನಗುನಗುತ್ತಾ ರಿವರ್ಸ್ ತೆಗೆದುಕೊಂಡು ಹೋಗಿ ಯಾವುದೋ ಹೊಲದ ಗೇಟಿನ ಮುಂದೆ ಕಾರು ತೂರಿಸಿಕೊಂಡು ಕಾಯುತ್ತಾರೆ. ಇಷ್ಟೆಲ್ಲ ಮಾಡಿದವರಿಗೆ ಕೈ ಎತ್ತದೆ ಹೋಗೋಕಾಗುತ್ತಾ? ಎತ್ತಲೇಬೇಕು. ಕಾರಿನವರು ಇರುವುದು ನಮ್ಮ ಬಲಕ್ಕೆ, ಹಾಗಾಗಿ ಬಲಗೈಯನ್ನೇ ಎತ್ತಬೇಕು. ಮುಂದಿನ ಬ್ರೇಕ್ ಇರುವುದೂ ಅದೇ ಕೈಯಲ್ಲಿ.

ನಾನಿರುವುದು ರೆಡಿಂಗಿನಲ್ಲಿ. ಕಳೆದ ಸೆಪ್ಟೆಂಬರಿನಲ್ಲಿ ಮೈಸೂರಿನಿಂದ ನನ್ನ ಹೆಂಡತಿಯ ತಮ್ಮ ಬಂದಿದ್ದ. ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟಕ್ಕೆ ಸೈಕಲ್ ಹತ್ತಿಸಿ ಫೋಟೋ ಹಾಕುವ ಪೈಕಿ ಅವನು. ಕಾಟ್ಸ್‌ವೋಲ್ಡ್ಸ್ ಅನ್ನುವ ಗುಡ್ಡಗಾಡಿನ ಕಡೆ ಸೈಕಲ್‌ನಲ್ಲಿ ಸುತ್ತೋಣ ಅಂದೆ. ಮ್ಯಾಪ್ ಬಿಡಿಸಿದ. ಸ್ಟೋ ಆನ್ ದ ವೋಲ್ಡ್ ಅನ್ನುವ ಊರು ಗುಡ್ಡದ ನೆತ್ತಿಯ ಮೇಲಿದೆ, ಸುಮಾರು 800 ಅಡಿ ಎತ್ತರ, ಅಲ್ಲಿಯ ಗಾಳಿಯ ಚಳಿಯ ಬಗ್ಗೆ ಒಂದು ಗಾದೆಯೇ ಇದೆ ಅಂತ ನಾನು ಗಂಭೀರವಾಗಿ ಹೇಳಿದೆ. ಅವನು ಲೆಕ್ಕ ಹಾಕಿ ನಕ್ಕ. "ಭಾವ, 240 ಮೀಟರ್ ಚಿಲ್ಲರೆ ಆಯ್ತು. ನಮ್ಮ ಮೈಸೂರು ಬಸ್ ಸ್ಟ್ಯಾಂಡೇ ಇದಕ್ಕಿಂತ ಎಷ್ಟೋ ಎತ್ತರದಲ್ಲಿದೆ!"

ಅದು ನಿಜವೇ. ಆದರೆ ಚಾಮುಂಡಿ ಬೆಟ್ಟದ ರಸ್ತೆ ಸಭ್ಯ ರಸ್ತೆ. ಬಳಸಿ ಬಳಸಿ ಮೇಲೆ ಕರೆದುಕೊಂಡು ಹೋಗುತ್ತದೆ, ಒಮ್ಮೆ ಹತ್ತಿದರೆ ಮುಗಿಯಿತು, ವಾಪಸ್ ಜಾರಿಕೊಂಡು ಬರಬಹುದು. ಇಲ್ಲಿಯ ದಾರಿಗಳಿಗೆ ಬಳಸುವುದು ಗೊತ್ತಿಲ್ಲ. ಕಣಿವೆಗೆ ನೆಟ್ಟಗೆ ಇಳಿಯುತ್ತವೆ, ಕೆಳಗೆ ಒಂದು ತೊರೆ, ಒಂದು ಪುಟ್ಟ ಸೇತುವೆ, ಆಮೇಲೆ ನೆಟ್ಟಗೆ ಹತ್ತುತ್ತವೆ. ಗಳಿಸಿದ ಎತ್ತರವನ್ನೆಲ್ಲ ಮರುಕ್ಷಣವೇ ಖರ್ಚು ಮಾಡಿಸುತ್ತವೆ. ಇಲ್ಲಿಯ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯವರ ಮ್ಯಾಪಿನಲ್ಲಿ ಕಡಿದಾದ ಕಡೆ ರಸ್ತೆಯ ಮೇಲೆ ಸಣ್ಣ ಬಾಣದ ಗುರುತು ಇರುತ್ತದೆ. ಒಂದು ಬಾಣ ಇದ್ದರೆ 14ರಿಂದ 20 ಪರ್ಸೆಂಟ್ ಏರು, ಎರಡಿದ್ದರೆ ಅದಕ್ಕಿಂತಲೂ ಜಾಸ್ತಿ. ಬಾಣದ ಮೂತಿ ಯಾವಾಗಲೂ ಇಳಿಜಾರಿನ ಕಡೆ. ನನ್ನ ಭಾವಮೈದುನ ಅದನ್ನು ನೋಡಿ ಒನ್ ವೇ ಇರಬೇಕು ಅಂದುಕೊಂಡಿದ್ದ. ಒಂದು ಲೆಕ್ಕಕ್ಕೆ ಒನ್ ವೇನೇ. ನಾವು ಮಾತ್ರ ಬಾಣಕ್ಕೆ ಎದುರಾಗಿ ಹೋದೆವು.

ಕಿಂಗಮ್ ಸ್ಟೇಷನ್ನಿನ ತನಕ ರೈಲು. ಸೈಕಲ್‌ಗೂ ಸೀಟ್ ರಿಸರ್ವ್ ಮಾಡಿಸಿದ್ದೆವು. ಬೋಗಿಯೊಳಗೆ ಬೀರು ಥರ ಒಂದು ಜಾಗ, ಮುಂದಿನ ಚಕ್ರವನ್ನು ಕೊಕ್ಕೆಗೆ ಸಿಕ್ಕಿಸಿ ಸೈಕಲ್ಲನ್ನು ಕುರಿ ಅಂಗಡಿಯ ತೊಡೆಯಂತೆ ನೇತು ಹಾಕಬೇಕು. ಸ್ಟೇಷನ್ ಇರುವುದು ಆಕ್ಸ್‌ಫರ್ಡ್‌ಶೈರಿನಲ್ಲಿ, ಅಲ್ಲಿಂದ ಒಂದಿಷ್ಟು ತುಳಿದರೆ ಸಿಗುವ ಬ್ಲೆಡಿಂಗ್ಟನ್ ಆಗಲೇ ಗ್ಲಾಸ್ಟರ್‌ಶೈರಿಗೆ ಸೇರಿದ್ದು.

ಬ್ಲೆಡಿಂಗ್ಟನ್ ದಾಟಿದ ಮೇಲೆ ಏರು ಶುರು. ಎದುರಿಗೆ ಒಂದು ಹಸಿರು ಜೀಪು ಬಂದು ಪಕ್ಕಕ್ಕೆ ಸರಿದು ನಿಂತಿತು. ಇವನು ಸಣ್ಣ ಗೇರಿನಲ್ಲಿ ಉಸಿರು ಬಿಡುತ್ತಾ, ಸೈಕಲ್ಲು ನಡೆಯುವವರಿಗಿಂತ ನಿಧಾನಕ್ಕೆ ಹೋಗುತ್ತಿದ್ದ ಹೊತ್ತಿನಲ್ಲೇ, ಬಲಗೈ ಎತ್ತಿದ. ಹ್ಯಾಂಡಲ್ ಎಡಕ್ಕೆ ತಿರುಗಿತು. ಎಡಕ್ಕೆ ಇದ್ದದ್ದು ನೆಟಲ್ಸ್, ಅಂದರೆ ತುರಿಕೆ ಸೊಪ್ಪು, ಸೊಂಟದೆತ್ತರ. ಚಡ್ಡಿ ಬೇರೆ ಹಾಕಿದ್ದ. ಜೀಪಿನಿಂದ ವಯಸ್ಸಾದ ಹೆಂಗಸೊಬ್ಬರು ಇಳಿದು ಬಂದು, ನನ್ನಿಂದಲೇ ಹೀಗಾಯಿತು ಸಾರಿ ಸಾರಿ ಅಂತ ಬೇಲಿ ಬುಡದಲ್ಲಿ ಹುಡುಕಿ ಡಾಕ್ ಗಿಡದ ಅಗಲವಾದ ಎಲೆ ಕಿತ್ತು ಕೊಟ್ಟರು. ನೆಟಲ್ಸ್ ತಾಗಿದರೆ ಡಾಕ್ ಎಲೆ ತಿಕ್ಕುವುದು ಇಲ್ಲಿಯವರ ಅಜ್ಜಿ ಮದ್ದು. ಅಷ್ಟರಲ್ಲಿ ಹಿಂದೆ ಇನ್ನೊಂದೆರಡು ಕಾರು ಬಂದು ನಿಂತವು. ಯಾರೂ ಹಾರ್ನ್ ಹೊಡೆಯಲಿಲ್ಲ. ಎಲ್ಲರೂ ಕಿಟಕಿ ಇಳಿಸಿ "ಆರ್ ಯೂ ಓಕೇ?" ಅಂತ ಕೇಳಿದರು. ಅವನು ಹುಲ್ಲಿನಲ್ಲಿ ಕೂತು ಕಾಲು ಕೆರೆದುಕೊಳ್ಳುತ್ತಲೇ ಒಬ್ಬೊಬ್ಬರಿಗೂ ಕೈ ಎತ್ತಿದ.

ಕುದುರೆ ವಿಷಯ ಇನ್ನೂ ಸೂಕ್ಷ್ಮ. 2022ರಲ್ಲಿ ತಿದ್ದಿದ ಹೈವೇ ಕೋಡ್, ಅಂದರೆ ಇಲ್ಲಿಯ ರಸ್ತೆ ನಿಯಮಗಳ ಪುಸ್ತಕದ ಪ್ರಕಾರ ಕುದುರೆಯನ್ನು ದಾಟುವ ಕಾರು ಗಂಟೆಗೆ 10 ಮೈಲಿಗಿಂತ ಕಡಿಮೆ ವೇಗದಲ್ಲಿ, ಕನಿಷ್ಠ 2 ಮೀಟರ್ ಜಾಗ ಬಿಟ್ಟು ಹೋಗಬೇಕು. ಸೈಕಲ್‌ನವರು ದೂರದಿಂದಲೇ ಮಾತಾಡಿಸಬೇಕು, ಬರುತ್ತಿರುವುದು ಮನುಷ್ಯರು ಅಂತ ಕುದುರೆಗೆ ಗೊತ್ತಾಗಬೇಕಲ್ಲ. ನಮ್ಮವನು ಬೆಲ್ ಹೊಡೆದ. ಟ್ರಿಣ್! ಕುದುರೆ ಅಡ್ಡಡ್ಡ ಹೆಜ್ಜೆ ಹಾಕಿ ಇಡೀ ದಾರಿಗೆ ಗೋಡೆಯಾಗಿ ನಿಂತಿತು. ಮೇಲೆ ಕೂತಿದ್ದವರು ಲಗಾಮು ಎಳೆದು, ನಮ್ಮ ಕಡೆ ತಿರುಗಿ, ತಣ್ಣಗೆ "ಥ್ಯಾಂಕ್ ಯೂ ಸೋ ಮಚ್" ಅಂದರು.

"ನೋಡಿ ಭಾವ, ಎಷ್ಟು ಒಳ್ಳೆಯವರು."

"ಬೈದರು ಕಣೋ."

ಅವನಿಗೆ ನಂಬಿಕೆ ಬರಲಿಲ್ಲ. ಥ್ಯಾಂಕ್ಸ್ ಹೇಳಿ ಬೈಯುವ ವಿದ್ಯೆ ಮೈಸೂರಿಗೆ ಇನ್ನೂ ಬಂದಿಲ್ಲ.

ವಿಕ್ ರಿಸಿಂಗ್ಟನ್ ಹಳ್ಳಿ ಹಾದು ಬೋರ್ಟನ್ ಆನ್ ದ ವಾಟರ್ ತಲುಪಿದೆವು. ಊರ ನಡುವೆ ವಿಂಡ್‌ರಶ್ ಹೊಳೆ, ಮೇಲೆ ತಗ್ಗಾದ ಕಲ್ಲಿನ ಸೇತುವೆಗಳು. ನೀರು ಮೊಣಕಾಲಿಗೂ ಬರುವುದಿಲ್ಲ. ಆಗಸ್ಟ್ ಕೊನೆಯ ರಜೆಯ ದಿನ ಈ ಹೊಳೆಯೊಳಗೇ ಗೋಲ್ ಪೋಸ್ಟ್ ನೆಟ್ಟು ಫುಟ್‌ಬಾಲ್ ಆಡುತ್ತಾರೆ. ಇಲ್ಲಿ ಊರಿನದೇ ಒಂದು ಪುಟ್ಟ ಮಾದರಿಯೂ ಇದೆ, ಒಂಬತ್ತನೇ ಒಂದು ಅಳತೆಯಲ್ಲಿ ಕಟ್ಟಿ 1937ರಲ್ಲಿ ತೆರೆದದ್ದು. ಆ ಮಾದರಿ ಊರಿನೊಳಗೆ ಮಾದರಿ ಊರಿನ ಮಾದರಿ. ಭಾವಮೈದುನ ಚರ್ಚಿನಿಂದ ಹೊಳೆಯ ತನಕ ನಾಲ್ಕೇ ಹೆಜ್ಜೆಯಲ್ಲಿ ನಡೆದು, "ಭಾವ, ನಮಗೆ ಈ ಅಳತೆ ಸಾಕಾಗಿತ್ತು" ಅಂದ.

ಅವನ ಟೈರು ಪಂಕ್ಚರ್ ಆಗಿದ್ದು ಅಪ್ಪರ್ ಸ್ಲಾಟರ್, ಲೋವರ್ ಸ್ಲಾಟರ್ ಅನ್ನುವ ಜೋಡಿ ಊರುಗಳ ಹತ್ತಿರ. ಕಾರಣ ಹಕ್ಕಿಗಳು ಅನ್ನಬಹುದು. ಹಕ್ಕಿ ಗೂಡು ಕಟ್ಟುವ ಕಾಲ ಅಂತ ಮಾರ್ಚ್ 1ರಿಂದ ಆಗಸ್ಟ್ 31ರ ತನಕ ರೈತರು ಬೇಲಿ ಕತ್ತರಿಸುವಂತಿಲ್ಲ. ಸೆಪ್ಟೆಂಬರ್ ಬಂತೋ, ಟ್ರ್ಯಾಕ್ಟರಿಗೆ ಕಟರ್ ಕಟ್ಟಿಕೊಂಡು ಕತ್ತರಿಸುತ್ತಾ ಹೋಗುತ್ತಾರೆ, ಹಾಥಾರ್ನ್ ಮುಳ್ಳೆಲ್ಲ ರಸ್ತೆಯ ಮೇಲೆ. ಉದ್ದ ಸೂಜಿಯಂಥ ಮುಳ್ಳು, ಒಣಗಿದರಂತೂ ಮೊಳೆಯೇ. ಟೈರಿನ ಒಳಗೆ ಬೆರಳಾಡಿಸಿ ಹುಡುಕಿದರೆ ಮುಳ್ಳು ಸಿಕ್ಕಿತು, ಟ್ಯೂಬಿನ ತೂತು ಸಿಗಲಿಲ್ಲ. ಅಪ್ಪರ್ ಸ್ಲಾಟರ್‌ನಲ್ಲಿ ಐ ಅನ್ನುವ ಪುಟ್ಟ ಹೊಳೆ ರಸ್ತೆಗೇ ಅಡ್ಡ ಹರಿಯುತ್ತದೆ. ನಮ್ಮವನು ಶೂ ಬಿಚ್ಚಿ, ಪಂಕ್ಚರ್ ಅಂಗಡಿಯವರು ಬಾಣಲೆ ನೀರಿನಲ್ಲಿ ಮಾಡುವಂತೆ, ಟ್ಯೂಬನ್ನು ಸ್ವಲ್ಪ ಸ್ವಲ್ಪವೇ ಮುಳುಗಿಸುತ್ತಾ ಕುಕ್ಕುರುಗಾಲಲ್ಲಿ ಕೂತ. ಎರಡೂ ಮಹಾಯುದ್ಧಕ್ಕೆ ಹೋದ ಅಷ್ಟೂ ಜನ ಜೀವಂತ ವಾಪಸ್ ಬಂದ ಅಪರೂಪದ ಊರು ಇದು, ಅದನ್ನು ನೋಡಲು ಬಂದಿದ್ದ ಪ್ರವಾಸಿಗರು ಇವನ ಫೋಟೋ ತೆಗೆದುಕೊಂಡರು. ಗುಳುಗುಳು ಅಂತ ಗುಳ್ಳೆ ಎದ್ದ ಕೂಡಲೇ ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಇವನು ಒದ್ದೆ ಟ್ಯೂಬ್ ಹಿಡಿದಿದ್ದ ಕೈಯನ್ನೇ ಎತ್ತಿದ. ತೂತು ಎಲ್ಲಿತ್ತು ಅನ್ನುವುದು ಮತ್ತೆ ತಪ್ಪಿಹೋಯಿತು.

ಪಬ್ ತಲುಪುವಷ್ಟರಲ್ಲಿ ಅಡಿಗೆಮನೆ ಮುಚ್ಚಿತ್ತು. ಹಳ್ಳಿ ಪಬ್ಬಿನಲ್ಲಿ ಮಧ್ಯಾಹ್ನ ಎರಡೂವರೆ ಆಯಿತು ಅಂದರೆ ಊಟದ ಮಾತು ಎತ್ತಬಾರದು, ಸಂಜೆ ತನಕ ಒಲೆ ಹಚ್ಚುವುದಿಲ್ಲ. ಕ್ರಿಸ್ಪ್ಸ್ (ನಮ್ಮ ಆಲೂಗಡ್ಡೆ ಚಿಪ್ಸ್) ಇದೆ, ಕೊಡಲೇ ಅಂದರು. ಹೊರಗಿನ ಬೆಂಚಿನ ಮೇಲೆ ಕೂತು, ಹೊರಗಿಂದ ತಂದ ತಿಂಡಿ ತಿನ್ನಬಾರದು ಅಂತ ಬೋರ್ಡು ಇದ್ದ ಕಾರಣ, ಹೆಂಡತಿ ಕಟ್ಟಿಕೊಟ್ಟಿದ್ದ ಕೋಡುಬಳೆಯನ್ನು ಮೇಜಿನ ಕೆಳಗೆ ಹಿಡಿದು ಮುರಿದು ತಿಂದೆವು. ಕೋಡುಬಳೆಯನ್ನು ಸದ್ದಿಲ್ಲದೆ ಅಗಿಯುವುದು ಹೇಗೆ? ಪಕ್ಕದ ಮೇಜಿನ ನಾಯಿ ನಮ್ಮನ್ನೇ ನೋಡುತ್ತಿತ್ತು. ಅದಕ್ಕೂ ಒಂದು ಚೂರು ಹೋಯಿತು. ಆಮೇಲೆ ಅದು ನಾವು ಹೊರಡುವ ತನಕ ಪಕ್ಕ ಬಿಡಲಿಲ್ಲ.

ಸ್ಟೋ ಏರನ್ನು ನಾವು ತುಳಿಯಲಿಲ್ಲ, ತಳ್ಳಿದೆವು. ಫೆಸೆಂಟ್ ಕೋಳಿಗಳು ದಾರಿ ಮಧ್ಯೆ ನಮಗಿಂತ ಮುಂದೆ ಓಡುತ್ತಿದ್ದವು. ಪಕ್ಕಕ್ಕೆ ಹಾರಿದರೆ ಆಯಿತು, ಆ ಬುದ್ಧಿ ಅವಕ್ಕಿಲ್ಲ. ಅಕ್ಟೋಬರ್ 1ಕ್ಕೆ ಬೇಟೆ ಶುರು, ಅದೂ ಪಾಪ ಗೊತ್ತಿಲ್ಲ. ಮೇಲೆ ಹತ್ತಿದಾಗ ಬಸ್ ಸ್ಟ್ಯಾಂಡಿನ ಎತ್ತರದ ಬಗ್ಗೆ ಯಾರೂ ಮಾತಾಡಲಿಲ್ಲ. ಗಾದೆಯಲ್ಲಿ ಹೇಳಿದ ಗಾಳಿ ಇತ್ತು, ಜೊತೆಗೆ ಗಾದೆಯಲ್ಲಿ ಹೇಳದ ಮಳೆ. ನಾಯಿ ಹಿಡಿದುಕೊಂಡು ಬಂದ ಅಜ್ಜ ಒಬ್ಬರು ನಮ್ಮ ನೀರಿಳಿಯುವ ಮುಖ ನೋಡಿ "ಲವ್ಲಿ ಡೇ ಫಾರ್ ಇಟ್" ಅಂದರು. ನಾವು ಕೈ ಎತ್ತಿದೆವು.

ಭಾವಮೈದುನ ಮೈಸೂರಿಗೆ ವಾಪಸ್ ಹೋದ. ಮೊನ್ನೆ ಫೋನ್ ಮಾಡಿದ್ದ, ಅಭ್ಯಾಸ ಬಿಟ್ಟಿಲ್ಲವಂತೆ. ದೇವರಾಜ ಅರಸ್ ರೋಡಿನಲ್ಲಿ ಯಾರಾದರೂ ಆಟೋದವರು ಅಪ್ಪಿತಪ್ಪಿ ದಾರಿ ಬಿಟ್ಟರೆ ಬಲಗೈ ತಾನೇ ಮೇಲೆ ಹೋಗುತ್ತದಂತೆ. ತಕ್ಷಣ ಆಟೋ ಗಕ್ಕನೆ ನಿಲ್ಲುತ್ತದೆ, ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಾರೆ, ಡ್ರೈವರ್ ಕತ್ತು ಹೊರಗೆ ಹಾಕಿ ಸೈಕಲ್ಲನ್ನೂ ಇವನನ್ನೂ ಒಮ್ಮೆ ನೋಡಿ ಕೇಳುತ್ತಾರಂತೆ: "ಸೈಕಲ್ಲೂ ಹಾಕ್ಕೊಳ್ಳೋದಾದ್ರೆ ಡಬಲ್ ಆಗುತ್ತೆ, ಎಲ್ಲಿಗೆ ಸಾರ್?"