ಗಂಡಿಲ್ಲದ ಮನೆಯಲ್ಲಿ ಬಾಣಂತನ

ನಮ್ಮ ಮನೆಯಲ್ಲಿ ಮೀನು ಅಂದರೆ ಪಂಚಾಂಗದ ಕೊನೆಯ ರಾಶಿ, ಅಷ್ಟೇ. ಅಡುಗೆಮನೆಗೆ ಈರುಳ್ಳಿ ಬಂದದ್ದೇ ನಾನು ಸೊಸೆಯಾಗಿ ಬಂದ ಮೇಲೆ. ಅಂಥ ಮನೆಯ ಟಿವಿ ಪಕ್ಕ ಒಂದೂವರೆ ಅಡಿ ಉದ್ದದ ಗಾಜಿನ ಟ್ಯಾಂಕ್ ಬಂದು ಕೂತಿತು. ಕಾರಣ ಮಗಳು. ಅವಳು ಕೇಳಿದ್ದು ನಾಯಿ. ನಾಯಿಯಿಂದ ಬೆಕ್ಕು, ಬೆಕ್ಕಿನಿಂದ ಮೊಲ, ಮೊಲದಿಂದ ಲವ್ ಬರ್ಡ್ಸ್ ಅಂತ ಚೌಕಾಸಿ ಇಳಿಯುತ್ತಾ ಇಳಿಯುತ್ತಾ ಮೀನಿಗೆ ಬಂದು ನಿಂತಿತು.

"ಬೊಗಳಲ್ಲ, ಕೂದಲು ಉದುರಿಸಲ್ಲ, ವಾಕಿಂಗ್ ಕೇಳಲ್ಲ" ಎಂದು ನಮ್ಮನೆಯವರು ತೀರ್ಪು ಕೊಟ್ಟರು. ಅತ್ತೆಯವರದು ಒಂದೇ ಷರತ್ತು. "ಏನಾದ್ರೂ ಮಾಡ್ಕೊಳಿ, ಅಡುಗೆಮನೆ ಹೊಸಿಲು ಮಾತ್ರ ದಾಟಬಾರದು." ಟ್ಯಾಂಕಿನಲ್ಲಿರುವ ಮೀನು ಹೊಸಿಲು ಹೇಗೆ ದಾಟುತ್ತೆ ಅಂತ ಆಗ ನಾವೆಲ್ಲ ನಕ್ಕಿದ್ದೆವು.

ಇವರು ಅಂಗಡಿಯವನಿಗೆ "ರಗಳೆ ಇಲ್ಲದ ಮೀನು ಕೊಡಪ್ಪ" ಅಂದರು. ಅವನು ಗಪ್ಪಿ ತೋರಿಸಿದ. ಬಣ್ಣದ ಬಾಲ ಬಿಚ್ಚಿಕೊಂಡು ಓಡಾಡುವುದು ಗಂಡು. ಹೆಣ್ಣು ದಪ್ಪ, ಬೂದು ಬಣ್ಣ. "ಎರಡೂ ಒಟ್ಟಿಗೆ ಹಾಕಿದ್ರೆ ತಿಂಗಳು ತಿಂಗಳು ಮರಿ ಸಾರ್. ಬೇಡ ಅಂದ್ರೆ ಬರೀ ಹೆಣ್ಣು ತಗೊಳಿ. ಗಂಡೇ ಇಲ್ಲ ಅಂದ್ಮೇಲೆ ಮರಿ ಎಲ್ಲಿಂದ ಬರ್ಬೇಕು?" ಮಾತು ನ್ಯಾಯವಾಗಿಯೇ ಇತ್ತು. ರೇಟೂ ಕಡಿಮೆ. ಮೂರು ಹೆಣ್ಣು ಮೀನುಗಳು ಪ್ಲಾಸ್ಟಿಕ್ ಕವರಿನಲ್ಲಿ ಮನೆ ತುಂಬಿದವು. ಮಗಳು ಏನೇನೋ ಇಂಗ್ಲಿಷ್ ಹೆಸರು ಯೋಚಿಸುವಷ್ಟರಲ್ಲಿ ಅತ್ತೆ ಗಂಗೆ, ಯಮುನೆ, ಸರಸ್ವತಿ ಅಂತ ನಾಮಕರಣ ಮುಗಿಸಿಬಿಟ್ಟರು. ಸರಸ್ವತಿಗೆ ಆ ಹೆಸರು ಚೆನ್ನಾಗಿ ಒಪ್ಪಿತು. ಯಾವಾಗಲೂ ಗಿಡದ ಹಿಂದೆ. ಇದ್ದಾಳೆ ಅಂತ ನಂಬಬೇಕು, ಕಾಣುವುದಿಲ್ಲ.

ಕೆಲವೇ ದಿನಗಳಲ್ಲಿ ಗಂಗೆಯ ಹೊಟ್ಟೆ ಉಬ್ಬತೊಡಗಿತು. "ಅಜೀರ್ಣ" ಎಂದರು ಅತ್ತೆ. "ಹೊತ್ತುಹೊತ್ತಿಗೂ ಚಿಟಿಕೆ ಚಿಟಿಕೆ ಹಾಕ್ತಾನೇ ಇರ್ತೀರಿ, ಇನ್ನೇನಾಗತ್ತೆ?" ಏಕಾದಶಿ ಬಂತು. ಅತ್ತೆಯ ಜೊತೆ ಮೂರು ಮೀನುಗಳೂ ನಿರಾಹಾರ. ವಾರಕ್ಕೊಂದು ದಿನ ಮೀನಿಗೆ ಊಟ ಬಿಡಿಸುವುದು ಒಳ್ಳೆಯದೆಂದು ಮೀನು ಸಾಕುವವರೂ ಹೇಳುತ್ತಾರೆ, ಆದ್ದರಿಂದ ನಾನು ಸುಮ್ಮನಿದ್ದೆ. ಆದರೆ ಹೊಟ್ಟೆ ಇಳಿಯಲಿಲ್ಲ. ಅದರ ಹಿಂಭಾಗದಲ್ಲಿ, ಕೆಳಗಿನ ರೆಕ್ಕೆಯ ಹತ್ತಿರ, ದೃಷ್ಟಿಬೊಟ್ಟು ಇಟ್ಟ ಹಾಗೆ ಒಂದು ಕಪ್ಪು ಮಚ್ಚೆ ಬೇರೆ ದಿನೇ ದಿನೇ ಕಪ್ಪಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ದೋಸೆ ಕಾವಲಿ ಮುಂದೆ ನಿಂತಿದ್ದೆ. ಹಾಲ್‌ನಿಂದ ಮಗಳ ಕೂಗು. "ಅಮ್ಮಾ, ನೀರಲ್ಲಿ ಬರೀ ಕಣ್ಣು ಓಡಾಡ್ತಿದೆ!"

ಹೋಗಿ ನೋಡಿದರೆ ನಿಜ. ಗಪ್ಪಿ ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿಯನ್ನೇ ಹಾಕುತ್ತದೆ. ಮರಿ ಅಂದರೆ ಅರ್ಧ ಸೆಂಟಿಮೀಟರಿಗಿಂತ ತುಸು ಉದ್ದ. ಮೈ ಗಾಜಿನಷ್ಟೇ ಪಾರದರ್ಶಕ. ಹೀಗಾಗಿ ಕಾಣುವುದು ಎರಡು ಕಪ್ಪು ಕಣ್ಣು ಮಾತ್ರ. ನಾವು ನೋಡುತ್ತಿದ್ದಂತೆ ಗಂಗೆ ಇನ್ನೊಂದು ಮರಿ ಹಾಕಿದಳು. ಅದು ಸುರುಳಿ ಬಿಚ್ಚಿಕೊಂಡು ಈಜತೊಡಗಿತು. ಅವಳು ಹಿಂದಿರುಗಿ ನೋಡಿದಳು. ಗಬಕ್ಕನೆ ನುಂಗಿದಳು.

"ಅಯ್ಯೋ ಪಾಪಿ, ಹೆತ್ತವಳೇ!" ಎಂದು ಅತ್ತೆ ಚೀರಿದ ಸದ್ದಿಗೆ ಪಕ್ಕದ ಮನೆಯವರು ಕಿಟಕಿ ತೆಗೆದರು. ಮುಂದಿನದೆಲ್ಲ ಕ್ಷಣದಲ್ಲಿ ನಡೆದುಹೋಯಿತು. ಅತ್ತೆ ಒಳಗೆ ಓಡಿದರು, ಹಾಲು ಸೋಸುವ ಜಾಲರಿ ಹಿಡಿದು ಬಂದರು, ಸೆರಗು ಸಿಕ್ಕಿಸಿ ಮೊಣಕೈವರೆಗೂ ನೀರಿಗೆ ಇಳಿಸಿದರು. ಹಿಡಿದ ಮರಿಗಳನ್ನು ಹಾಕಲು ಕೈಗೆ ಸಿಕ್ಕಿದ್ದು ಅವರದೇ ಕಾಫಿ ಡಬರಿ. ನಾನು ಒಲೆ ಆರಿಸಲು ಓಡಿದಾಗ ಆ ಡಬರಿ ನನ್ನ ಹಿಂದೆಯೇ ಅಡುಗೆಮನೆಗೆ ಬಂದು ಕಟ್ಟೆಯ ಮೇಲೆ ಕೂತಿತು. ಹೊಸಿಲಿನ ಮಾತು ಯಾರೂ ಎತ್ತಲಿಲ್ಲ. ದೋಸೆ ಸೀದುಹೋಗಿತ್ತು.

ಗಪ್ಪಿಗೆ ಒಂದು ಹೆರಿಗೆಗೆ ಸಾಮಾನ್ಯವಾಗಿ 20ರಿಂದ 50 ಮರಿ. ನಮ್ಮದು ಎಷ್ಟು ಎಂದು ಕೊನೆಗೂ ತಿಳಿಯಲಿಲ್ಲ. ಎಣಿಸುವ ಹೊತ್ತಿಗೆ ಒಂದೂ ನಿಂತಲ್ಲಿ ನಿಲ್ಲುವುದಿಲ್ಲ.

"ಅಜ್ಜಿ, ಈಗ ನಮಗೆ ಪುರುಡಾ?" ಎಂದು ಮಗಳು ಕೇಳಿದಳು. ಅತ್ತೆಗೆ ಅದಕ್ಕಿಂತ ದೊಡ್ಡ ಚಿಂತೆ. ಗಂಡಿಲ್ಲದೆ ಇದು ಹೇಗಾಯಿತು? ಇವರು ಫೋನ್ ತೆಗೆದು ಓದಿ ಹೇಳಿದರು. ಹೆಣ್ಣು ಗಪ್ಪಿ ಒಂದು ಸಲ ಕೂಡಿದರೆ ಸಾಕಂತೆ. ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕಾಪಿಟ್ಟುಕೊಂಡು, ನಾಲ್ಕು ವಾರಕ್ಕೊಮ್ಮೆಯಂತೆ ಹಲವು ಸಲ ಹೆರುತ್ತದಂತೆ. ಅಂದರೆ ಅಂಗಡಿಯ ತೊಟ್ಟಿಯಲ್ಲೇ ಎಲ್ಲ ಮುಗಿಸಿ, ಬಸುರಿಯಾಗಿಯೇ ನಮ್ಮ ಮನೆಗೆ ಬಂದಿದ್ದಳು. ಅತ್ತೆ ಸ್ವಲ್ಪ ಹೊತ್ತು ಗಂಗೆಯನ್ನೇ ನೋಡಿದರು. "ಕುಂತಿಗಾದ್ರೂ ಒಂದೊಂದು ಸಲಕ್ಕೂ ಮಂತ್ರ ಹೇಳಬೇಕಿತ್ತು" ಎಂದರು.

ಇವರಿಗೆ ಓದಿ ಹೇಳುವ ಉತ್ಸಾಹ ಹತ್ತಿಬಿಟ್ಟಿತು. ಈ ಮೀನಿಗೆ 1859ರಲ್ಲೇ ಪೀಟರ್ಸ್ ಎಂಬ ಜರ್ಮನ್ ವಿಜ್ಞಾನಿ ಹೆಸರು ಕೊಟ್ಟಾಗಿತ್ತು. ಆಮೇಲೆ ಟ್ರಿನಿಡಾಡ್ ದ್ವೀಪದ ಲೆಚ್‌ಮಿಯರ್ ಗಪ್ಪಿ ಎಂಬಾತ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಇದನ್ನು ಕಳಿಸಿದ. ಇದು ಹೊಸ ಮೀನು ಎಂದುಕೊಂಡು 1866ರಲ್ಲಿ ಅವನ ಹೆಸರನ್ನೇ ಇಟ್ಟರು. ವಿಜ್ಞಾನದಲ್ಲಿ ಹಳೆಯ ಹೆಸರೇ ಗೆದ್ದಿತು, ಜನರ ಬಾಯಲ್ಲಿ ಮಾತ್ರ ಗಪ್ಪಿಯೇ ಉಳಿಯಿತು. "ಕಳಿಸಿ ಪಾರಾದ ನೋಡು, ಜಾಣ" ಎಂದರು ಅತ್ತೆ.

ಮುಂದಿನ ಪ್ರಶ್ನೆ ಊಟದ್ದು. ಮರಿಗಳ ಬಾಯಿ ಸೂಜಿಮೊನೆಯಷ್ಟು. ಆದರೆ ದಿನಕ್ಕೆ ನಾಲ್ಕೈದು ಸಲ ಊಟ ಬೇಕು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಒಂದೆರಡು ಹನಿ ಹಾಕಿ ಅಂತ ಎಲ್ಲರ ಸಲಹೆ. ನಮ್ಮ ಮನೆಗೆ ಮೊಟ್ಟೆ! ಇವರು ಕತ್ತಲಾದ ಮೇಲೆ ಒಂದೇ ಒಂದು ಮೊಟ್ಟೆಯನ್ನು ಪೇಪರಿನಲ್ಲಿ ಸುತ್ತಿ, ಹೆಲ್ಮೆಟ್ಟಿನೊಳಗೆ ಇಟ್ಟುಕೊಂಡು ತಂದರು. ಮಹಡಿಯ ಮೇಲೆ, ಹಳೇ ಸ್ಟೌವಿನಲ್ಲಿ, ಒಡೆದ ಹಿಡಿಯ ಪಾತ್ರೆಯಲ್ಲಿ ಅದು ಬೆಂದಿತು. ಅತ್ತೆ ದೇವಸ್ಥಾನಕ್ಕೆ ಹೋಗಿದ್ದ ಸಮಯ ನೋಡಿ ಹನಿಸಿದೆವು. ಒಂದೆರಡು ಹನಿ ಅಂತ ಹೇಳಿದ್ದು ಸುಮ್ನೆ ಅಲ್ಲ. ಇವರ ಕೈ ಸ್ವಲ್ಪ ಧಾರಾಳವಾಯಿತು. ಮರುದಿನ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿ, ಹಾಲ್‌ನಲ್ಲಿ ಬಂದ ವಾಸನೆಗೆ ಅತ್ತೆ ಮೂಗು ಮುಚ್ಚಿಕೊಂಡು "ಎಲ್ಲೋ ಇಲಿ ಸತ್ತಿದೆ" ಅಂತ ಸೋಫಾ ಎಳೆಸಿದರು. ಇವರೂ ಬಹಳ ಶ್ರದ್ಧೆಯಿಂದ ಇಲಿ ಹುಡುಕಿದರು.

ಇನ್ನೊಂದು ದಾರಿ ಆರ್ಟೀಮಿಯಾ. ಉಪ್ಪು ನೀರಿನ ಪುಟ್ಟ ಸೀಗಡಿ ಜಾತಿ. ಅದರ ಒಣ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಹಾಕಿ ಗಾಳಿ ಬಿಟ್ಟರೆ ಒಂದೂವರೆ ದಿನದೊಳಗೆ ಮರಿ ಒಡೆಯುತ್ತದೆ. ಒಂದು ಪ್ರಾಣಿಯ ಮರಿಗೆ ಊಟ ಹಾಕಲು ಇನ್ನೊಂದು ಪ್ರಾಣಿಗೆ ಮರಿ ಮಾಡಿಸುವ ಕೆಲಸಕ್ಕೆ ನಾನು ಒಪ್ಪಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಅತ್ತೆಯ ಅಡಿಕೆ ಕುಟ್ಟಾಣಿ. ದೊಡ್ಡ ಮೀನಿನ ಒಣ ಆಹಾರವನ್ನೇ ಅದರಲ್ಲಿ ನಯವಾಗಿ ಕುಟ್ಟಿ, ಚಿಟಿಕೆ ಚಿಟಿಕೆ ಉದುರಿಸಿದರು. ತಾಂಬೂಲಕ್ಕೆ ಬೇರೆ ಕುಟ್ಟಾಣಿ ಬಂತು.

ಫಿಲ್ಟರ್ ಮರಿಗಳನ್ನು ಎಳೆದುಕೊಳ್ಳದಂತೆ ಅದರ ಬಾಯಿಗೆ ಹಳೇ ಪಂಚೆಯ ಚೂರು, ರಬ್ಬರ್ ಬ್ಯಾಂಡ್. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ನೇರ ಹಾಕಿದರೆ ಮೀನಿಗೆ ಅಪಾಯ. ಒಂದು ದಿನ ತೆರೆದಿಟ್ಟು ಹಾಕಬೇಕು. ಹೀಗೆ ಬಚ್ಚಲಿನಲ್ಲಿ ಬಕೆಟ್‌ಗಳ ಸಾಲು ನಿಂತಿತು. ಯಮುನೆಯೂ ಹೆತ್ತ ಮೇಲೆ ಟ್ಯಾಂಕಿನಲ್ಲಿ ಜಾಗವಿಲ್ಲದೆ ಮೊದಲ ತಂಡದ ಮರಿಗಳು ನೀಲಿ ಬಕೆಟ್ಟಿಗೆ ವಾಸ ಬದಲಿಸಿದವು. ಈ ವಿಷಯ ಇವರಿಗೆ ಹೇಳಿಯಾಗಿತ್ತು. ಟಿವಿಯಲ್ಲಿ ಕ್ರಿಕೆಟ್ ಬರುವಾಗ ಹೇಳಿದ್ದು, ಅಷ್ಟೇ.

ಇವರಿಗೆ ಸ್ನಾನಕ್ಕೆ ಮೊದಲು ಕಣ್ಣು ಮುಚ್ಚಿ ಗಂಗೆ, ಯಮುನೆ, ಸರಸ್ವತಿಯರನ್ನು ಕರೆಯುವ ಶ್ಲೋಕ ಹೇಳುವ ಅಭ್ಯಾಸ. ಅವತ್ತೂ ಗಟ್ಟಿಯಾಗಿ ಶುರು ಮಾಡಿದರು. ಬಿಸಿನೀರು ಜಾಸ್ತಿ ಬಿಸಿ ಇತ್ತೇನೋ, ಬೆರೆಸಲು ಪಕ್ಕದ ಬಕೆಟ್ಟಿಗೆ ಮಗ್ಗು ಅದ್ದಿದ ಸದ್ದು ಕೇಳಿತು. ಮಗಳು ಬಚ್ಚಲ ಬಾಗಿಲಿಗೆ ಎರಡೂ ಕೈಯಲ್ಲಿ ಬಡಿದಳು. "ಅಪ್ಪಾ, ಸುರೀಬೇಡ! ಗಂಗೆ ಮಕ್ಕಳು ಅದ್ರಲ್ಲೇ ಇದಾರೆ!"

ಶ್ಲೋಕ ನಿಂತಿತು. ಒಳಗೆ ಪೂರ್ತಿ ಮೌನ. ಆಮೇಲೆ ಸಣ್ಣ ದನಿ ಬಂತು. "ಮಗ್ಗಲ್ಲಿ ಎರಡಿದೆ. ಅಲ್ಲ, ಮೂರು."

"ಸೋಪಿನ ಕೈ ಅದ್ದಬೇಡಿ!" ನಾನು.

"ಕಣ್ಣಿಗೆ ಸೋಪು ಹೋಗಿದೆ ಕಣೇ."

"ಮೊದ್ಲು ಅವನ್ನ ವಾಪಸ್ ಬಿಡೋ, ಆಮೇಲೆ ಕಣ್ಣು ತೊಳ್ಕೋ" ಎಂದರು ಅತ್ತೆ. ಸ್ವಂತ ಮಗನಿಗೆ.

ಆಫೀಸಿಗೆ ತಡವಾದದ್ದಕ್ಕೆ ಇವರು ಟ್ರಾಫಿಕ್ ಅಂತ ಹೇಳಿದರಂತೆ. ನಮ್ಮ ಮನೆಯಿಂದ ಆಫೀಸಿಗೆ ನಡೆದರೆ ಐದು ನಿಮಿಷ.

ಎಲ್ಲ ಮರಿಗಳೂ ಉಳಿಯಲಿಲ್ಲ. ಪುಟ್ಟ ಜಾಗದಲ್ಲಿ ಜಾಸ್ತಿ ಮೀನಾದರೆ ಅವುಗಳ ಕೊಳೆಯಿಂದ ಅಮೋನಿಯಾ ಏರುತ್ತದೆ, ಎಳೆಯವು ತಡೆಯುವುದಿಲ್ಲ. ಮಗಳು ಒಂದೆರಡು ಸಂಜೆ ಅತ್ತಳು. ಆದರೆ ಗಪ್ಪಿಯ ಲೆಕ್ಕವೇ ಬೇರೆ. ಹೋದದ್ದಕ್ಕಿಂತ ಬಂದದ್ದೇ ಹೆಚ್ಚು. ತಿಂಗಳು ದಾಟುವಷ್ಟರಲ್ಲಿ ಕೆಲವು ಮರಿಗಳ ಬಾಲದಲ್ಲಿ ಕಿತ್ತಳೆ, ನೀಲಿ ಮೂಡಿತು. ಗಂಡುಗಳು! ಬೇಡ ಅಂತ ಅಂಗಡಿಯಲ್ಲೇ ಬಿಟ್ಟು ಬಂದ ಗಂಡುಗಳು ಮನೆಯಲ್ಲೇ ತಯಾರಾದವು. ಎರಡು ಮೂರು ತಿಂಗಳಿಗೆ ಅವೂ ಸಂಸಾರಕ್ಕೆ ಸಿದ್ಧ.

ರಾತ್ರಿ ಅತ್ತೆ ಮೊಮ್ಮಗಳಿಗೆ ಮತ್ಸ್ಯಾವತಾರದ ಕಥೆ ಹೇಳುತ್ತಿದ್ದರು. ಮನುವಿನ ಬೊಗಸೆಗೆ ಪುಟ್ಟ ಮೀನು ಸಿಕ್ಕಿತು, ಕಾಪಾಡು ಅಂತು. ಪಾತ್ರೆಯಲ್ಲಿಟ್ಟ, ಹಿಡಿಸಲಿಲ್ಲ. ಕೊಳಕ್ಕೆ ಬಿಟ್ಟ, ಹಿಡಿಸಲಿಲ್ಲ. ನದಿಗೆ ಬಿಟ್ಟ, ಕೊನೆಗೆ ಸಮುದ್ರಕ್ಕೆ. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಮನುವಿಗೆ ಸಿಕ್ಕಿದ್ದು ಒಂದೇ ಮೀನು. ಅದೂ ಗಂಡು. ಪುಣ್ಯವಂತ.

ಕುಕ್ಕರಹಳ್ಳಿ ಕೆರೆಗೆ ಬಿಟ್ಟುಬಿಡಿ ಎಂದು ಪಕ್ಕದ ಮನೆಯವರು ಸಲಹೆ ಕೊಟ್ಟರು. ಅದು ಮಾಡುವ ಹಾಗಿಲ್ಲ. ಇದು ದಕ್ಷಿಣ ಅಮೆರಿಕದ ಕಡೆಯ ಮೀನು. ಕೆರೆಯಲ್ಲಿ ಬೇರು ಬಿಟ್ಟರೆ ಇಲ್ಲಿನ ಸಣ್ಣ ಮೀನುಗಳಿಗೆ ಕುತ್ತು. ಹಾಗಾಗಿ ದಾನ ಶುರುವಾಯಿತು. ಮಗಳ ಗೆಳತಿಯರಿಗೆ ಕೊಟ್ಟೆವು. ಅವರ ಅಮ್ಮಂದಿರು ನನ್ನ ಫೋನ್ ತೆಗೆಯುವುದನ್ನು ಬಿಟ್ಟರು. ಅರಿಶಿನ ಕುಂಕುಮಕ್ಕೆ ಬಂದವರಿಗೆ ಅತ್ತೆ ಎಲೆ, ಅಡಿಕೆ, ತೆಂಗಿನಕಾಯಿ, ಬ್ಲೌಸ್ ಪೀಸಿನ ಜೊತೆ ನೀರಿನ ಕವರೊಂದನ್ನೂ ಕೈಗಿಟ್ಟರು. "ಮುತ್ತೈದೆಯರು ಬೇಡ ಅನ್ನಬಾರದು" ಎಂಬ ಮಾತು ಬೇರೆ. ಮುಂದಿನ ಶುಕ್ರವಾರ ಕರೆದಾಗ ಅರ್ಧ ಬೀದಿಗೆ ಮೈ ಸರಿಯಿರಲಿಲ್ಲ.

ಆ ಹೊತ್ತಿಗೆ ಆಶಾ ಕಾರ್ಯಕರ್ತೆ ಡೆಂಗಿ ಸಮೀಕ್ಷೆಗೆ ಬಂದರು. ಕೈಯಲ್ಲಿ ಟಾರ್ಚು, ರಿಜಿಸ್ಟರ್. ನನ್ನ ಎದೆ ಧಸಕ್ಕೆಂದಿತು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿದಾಗ, ಸೊಳ್ಳೆ ಮರಿ ಮಾಡುವ ಹಾಗೆ ನೀರು ನಿಲ್ಲಿಸಿಕೊಂಡ ಮನೆಗಳಿಗೆ ಪಟ್ಟಣದಲ್ಲಿ 400 ರೂಪಾಯಿ ದಂಡ ಎಂದು ಹೇಳಿತ್ತು. ನಮ್ಮಲ್ಲಿ ನಿಂತ ನೀರಿನದೇ ಪ್ರದರ್ಶನ. ಬಚ್ಚಲಲ್ಲಿ ಬಕೆಟ್ಟು, ಹಿತ್ತಲಲ್ಲಿ ಡ್ರಮ್ಮು, ಮಹಡಿಯಲ್ಲಿ ಹಳೇ ಹಂಡೆ.

"ಏನ್ ಮೇಡಂ ಇದು, ಇಷ್ಟೊಂದು ನೀರು?" ಎಂದು ಆಕೆ ಹಂಡೆಯೊಳಗೆ ಟಾರ್ಚು ಬಿಟ್ಟರು. ಬಗ್ಗಿದವರು ಬಗ್ಗಿಯೇ ಇದ್ದರು. ಡ್ರಮ್ಮು ನೋಡಿದರು. ಬಕೆಟ್ಟು ನೋಡಿದರು. ಎಲ್ಲೂ ಒಂದು ಸೊಳ್ಳೆ ಹುಳ ಇಲ್ಲ. ಇರಲು ಬಿಟ್ಟರೆ ತಾನೆ?

"ಗಪ್ಪಿ ಅಲ್ವಾ! ಕೋಲಾರದ ಕಡೆ ಹಳ್ಳಿ ಬಾವಿಗಳಿಗೆ ಮಲೇರಿಯಾ ತಡೆಯೋಕೆ ಇದನ್ನೇ ಬಿಟ್ಟಿದ್ರು. ಆಚೆ ಬೀದೀಲಿ ಕಟ್ತಿರೋ ಮನೆಯ ತೊಟ್ಟಿ ತುಂಬ ಹುಳ. ಅದ್ರಿಂದ ಆಚೆ ಹರಿದು ಹೋಗಲ್ಲ, ತೊಂದ್ರೆ ಇಲ್ಲ. ಸ್ವಲ್ಪ ಕೊಡ್ತೀರಾ?"

ಸ್ವಲ್ಪ! ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅತ್ತೆ ಆಕೆಯನ್ನು ಕೂರಿಸಿ ಕಾಫಿ ಕೊಟ್ಟರು. ಇರುವ ಡಬ್ಬಗಳಲ್ಲೆಲ್ಲ ಮೀನು ತುಂಬಿಸಿ ಗೇಟಿನವರೆಗೂ ಹೋಗಿ ಬೀಳ್ಕೊಟ್ಟರು. ನೀಲಿ ಬಕೆಟ್ಟು ಖಾಲಿಯಾಯಿತು. ಇವರು ನಿರ್ಭಯವಾಗಿ ಸ್ನಾನ ಮಾಡಿದರು.

ವಾರ ಬಿಟ್ಟು ಆಕೆ ಮತ್ತೆ ಬಂದರು. ಜೊತೆಗೆ ಪಕ್ಕದ ವಾರ್ಡಿನವರೊಬ್ಬರು, ಎರಡು ದೊಡ್ಡ ಕ್ಯಾನು. "ಇನ್ನೊಂದು ನೂರು ಬೇಕಿತ್ತು ಅಮ್ಮ."

ಅತ್ತೆ ಕನ್ನಡಕ ಹಾಕಿಕೊಂಡು ಗೋಡೆಯ ಕ್ಯಾಲೆಂಡರ್ ಹತ್ತಿರ ಹೋದರು. ಹಾಲಿನವನು ಬಾರದ ದಿನಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಇನ್ನೂ ಏನೇನೋ ಗುರುತುಗಳಿದ್ದವು. "ಯಮುನೆದು ಆಗೋಯ್ತು. ಗಂಗೆದು ಹುಣ್ಣಿಮೆ ಹೊತ್ತಿಗೆ" ಎಂದು ಬೆರಳಾಡಿಸಿದರು. "ನೂರು ಈಗ ಆಗಲ್ಲಮ್ಮ. ಹೆಸರು, ಫೋನ್ ನಂಬರ್ ಬರೆದು ಹೋಗಿ. ಪಾಳಿ ಪ್ರಕಾರ ಕೊಡ್ತೀವಿ."